ನಲವತ್ತು ಸೆಕೆಂಡು ಮುಂಚೆ

ಭಾವ ಇನ್ನೇನು ಕೂತೇಬಿಟ್ಟರು ಅನ್ನುವಷ್ಟರಲ್ಲಿ ಅವಳು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಗಂಡನ ಅಣ್ಣನೆಂದರೆ ಸಣ್ಣ ಆಳಲ್ಲ. ಮೂರು ಆಳಿನ ಹೊಟ್ಟೆ, ಆರು ಆಳಿನ ಗಾಂಭೀರ್ಯ. ಅವರು ನೆಲಕ್ಕೆ ಕೂತ ರಭಸಕ್ಕೆ ತನ್ನ ಅಡುಗೆಮನೆಯ ಪಾತ್ರೆಗಳೆಲ್ಲ ಉರುಳಿಬಿದ್ದವೆಂದು ಪಕ್ಕದ ಮನೆಯಾಕೆ ಇವತ್ತಿಗೂ ಹೇಳುತ್ತಾಳೆ. ಅಳುತ್ತಿದ್ದವರೆಲ್ಲ ಒಂದು ಗಳಿಗೆ ಅಳು ಮರೆತರು. ನಗು ತಡೆದುಕೊಳ್ಳಲು ಕಷ್ಟವಾಗದೆ ಇದ್ದದ್ದು ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದವನೊಬ್ಬನಿಗೇ.

"ಇದು ಬೇಡ ಭಾವ," ಎಂದಳು. "ಇದು ನಂದು."

ಬಂದವರಿಗೆ ಕುರ್ಚಿ ಸಾಲದೆ ಯಾರೋ ತಾರಸಿಯಿಂದ ಇಳಿಸಿ ತಂದಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ ಅದು. ಕೊಂಡು ಹನ್ನೊಂದು ವರ್ಷವಾಗಿದ್ದರೂ ಅಂಗಡಿಯ ಚೀಟಿ ಬೆನ್ನಿಗೆ ಅಂಟಿಕೊಂಡೇ ಇತ್ತು. ಅದರ ಮೇಲೆ ಇದುವರೆಗೆ ಯಾರೂ ಕೂತಿರಲಿಲ್ಲ. ಅವಳೂ ಕೂತಿರಲಿಲ್ಲ.

*

ಸತ್ತವನನ್ನು ಊರೆಲ್ಲ ಮೈಕು ಎಂದೇ ಕರೆಯುತ್ತಿತ್ತು. ಯಾವ ಬಸ್ಸು ಎಷ್ಟೊತ್ತಿಗೆ ಹೊರಡುತ್ತದೆ ಎಂದು ಬಸ್ ನಿಲ್ದಾಣದಲ್ಲಿ ಕೂಗಿ ಹೇಳುವುದು ಅವನ ಕೆಲಸ. ಅವನಿಗೆ ಮೈಕು ಬೇಕಿರಲಿಲ್ಲ, ಮೈಕಿಗೇ ಅವನು ಬೇಕಿತ್ತು. ಅವನು "ಹೊರಡಲಿದೆ" ಎಂದರೆ ಎಲ್ಲಿಗೂ ಹೋಗಬೇಕಿಲ್ಲದವರು ಕೂಡ ಮೂರು ಬೀದಿಯಾಚೆ ಮಂಚದಿಂದೆದ್ದು ಚೀಲ ಹುಡುಕುತ್ತಿದ್ದರು. ಗೋಡೆ ಗಡಿಯಾರಗಳು ಅವನನ್ನು ಕೇಳಿಕೊಂಡೇ ಗಂಟೆ ಹೊಡೆಯುತ್ತಿದ್ದವು. ಮೂವತ್ತು ವರ್ಷದಲ್ಲಿ ಯಾರಿಗಾಗಿಯೂ ಬಸ್ಸು ತಡೆದವನಲ್ಲ. ಮದುಮಗ ಓಡಿಬಂದರೂ ಅಷ್ಟೇ, ಮಂತ್ರಿ ಓಡಿಬಂದರೂ ಅಷ್ಟೇ.

ತಡೆದದ್ದು ಒಂದೇ ಸಲ. ಆಗ ಅವಳು ಶಾಲಾ ಸಮವಸ್ತ್ರ ಹೊಲಿಯುವ ಹುಡುಗಿ. ತನಗಿಂತ ದೊಡ್ಡ ಬಟ್ಟೆಗಂಟು ಹೊತ್ತು ಓಡಿಬರುತ್ತಿದ್ದಳು. ಬಸ್ಸು ಗುರುಗುಟ್ಟುತ್ತಿತ್ತು. ಆಗ ನಿಲ್ದಾಣದ ಎಂಟೂ ಸ್ಪೀಕರುಗಳಿಂದ ಬಂತು: "ಗಂಟು ಹೊತ್ತು ಬರುತ್ತಿರುವವರು ಹತ್ತುವವರೆಗೆ ಈ ಬಸ್ಸು ಹೊರಡುವುದಿಲ್ಲ." ಸಾವಿರ ತಲೆ ಅವಳತ್ತ ತಿರುಗಿದವು. ನಾಚಿಕೆಯಿಂದ ಅವಳು ಆ ಬಸ್ಸನ್ನು ಹತ್ತಲೇ ಇಲ್ಲ. ಕೂಗಿದವನನ್ನು ಎದುರಿಗೇ ಬೈಯಬೇಕೆಂದು ಅವನ ಗಾಜಿನ ಗೂಡಿಗೆ ಹೋದವಳು, ಆರು ತಿಂಗಳಲ್ಲಿ ಅವನ ಮನೆಗೇ ಬಂದಳು.

ಅವನಿಗೆ ಹೊಟ್ಟೆಪಾಡಿಗೆ ಬಸ್ಸು, ಉಸಿರಾಡಲು ರಾಕೆಟ್ಟು. ನೂರು ಕಿಲೋಮೀಟರಿನಾಚೆ, ಕಡಲ ದಂಡೆಯಿಂದ ಉಪಗ್ರಹ ಹೊತ್ತ ರಾಕೆಟ್ ಹಾರುವ ದಿನ ಅವನು ರಜೆ ಹಾಕಿ ತಾರಸಿಗೆ ಎರಡು ಕುರ್ಚಿ ಹೊರುತ್ತಿದ್ದ. ಕಂಪೆನಿ ಕೊಡಲು ಕನ್ನಡಕದಂಗಡಿಯವನೂ ಬೇಕರಿಯವನೂ ಬಕೆಟ್ ಬೋರಲು ಹಾಕಿಕೊಂಡು ಕೂರುತ್ತಿದ್ದರು. ಎರಡನೆಯ ಕುರ್ಚಿ ಅವಳದು. ಆದರೆ ರಾಕೆಟ್ ಹಾರುವ ದಿನವೇ ಯಾವುದೋ ಶಾಲೆಗೆ ಇನ್ನೂರು ಕಾಲರು ಕೊಡಬೇಕಾಗಿರುತ್ತಿತ್ತು. ಮೇಲಿನಿಂದ "ಬಾರೇ" ಎಂದು ಕೂಗು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದಿನ ನಡುವೆ "ಬಂದೆ, ಇರಿ." ನಲವತ್ತೊಂದು ರಾಕೆಟ್ಟು ಹೀಗೆಯೇ ಹೋದವು.

*

ಶವ ಸಾಗಿಸುವ ವ್ಯಾನು ನಾಲ್ಕಕ್ಕೆ ಸರಿಯಾಗಿ ಬಂತು. ಭಾವ ಸೊಂಟ ಉಜ್ಜಿಕೊಳ್ಳುತ್ತಲೇ ಯಾರು ಎಲ್ಲಿ ಹೆಗಲು ಕೊಡಬೇಕೆಂದು ಅಪ್ಪಣೆ ಕೊಡಲು ಶುರು ಮಾಡಿದರು. ಕನ್ನಡಕದವನೂ ಬೇಕರಿಯವನೂ ಬಾಗಿಲ ಮರೆಯಲ್ಲಿ ನಿಂತಿದ್ದರು. ಇಬ್ಬರಿಗೂ ಅರವತ್ತು ದಾಟಿತ್ತು. ಆದರೂ ಮುಖದಲ್ಲಿ ಕದ್ದ ಮಾವಿನಕಾಯಿಯನ್ನು ಜೇಬಿನಲ್ಲಿಟ್ಟುಕೊಂಡವರ ಕಳೆ. ಜೇಬಿನಲ್ಲಿದ್ದದ್ದು ಫೋನು.

ಅವಳು ನೇರ ಅವರ ಮುಂದೆ ಹೋಗಿ ನಿಂತಳು. "ಹಾರೋದು ಎಷ್ಟೊತ್ತಿಗೆ?"

"ನಾಲ್ಕು ಹತ್ತಕ್ಕೆ," ಎಂದ ಕನ್ನಡಕದವನು, ನೆಲ ನೋಡುತ್ತ. "ಇವತ್ತು ಅದೆಲ್ಲ ಯಾಕೆ ಬಿಡಿ ಅಕ್ಕ."

ಅವಳು ಭಾವನ ಕಡೆ ತಿರುಗಿ, ಹತ್ತು ನಿಮಿಷ ತಡೆಯಬೇಕು ಎಂದಳು. ಭಾವ ಮೊದಲು ಕೇಳಿಸದಂತೆ ನಟಿಸಿದರು. ಆಮೇಲೆ ಜನ ಏನಂದುಕೊಳ್ಳುತ್ತಾರೆ ಎಂದರು. ಆಮೇಲೆ ವ್ಯಾನಿನವನಿಗೆ ಇನ್ನೊಂದು ಮನೆಗೆ ಹೋಗುವುದಿದೆ ಎಂದರು. ಕಡೆಗೆ ದೊಡ್ಡ ಬಾಣವನ್ನೇ ತೆಗೆದರು. "ನೋಡಮ್ಮ, ಒಂದು ನಿಮಿಷ ತಡ ಆದ್ರೂ ಸಹಿಸ್ತಿರಲಿಲ್ಲ ನನ್ನ ತಮ್ಮ. ಅವನನ್ನೇ ಕಾಯಿಸ್ತೀಯಾ?"

"ನನಗೋಸ್ಕರ ಒಂದು ಸಲ ಬಸ್ಸು ತಡೆದಿದ್ರು ಭಾವ," ಎಂದಳು. "ನಾನು ಹತ್ತಲಿಲ್ಲ. ಇವತ್ತು ಅವರಿಗೋಸ್ಕರ ನಾನು ತಡೀತೀನಿ."

ಭಾವ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ವ್ಯಾನು ನೋಡಿದರು.

ಅಷ್ಟರಲ್ಲಿ ಬೇಕರಿಯವನು ಫೋನು ನೋಡಿ ಗಂಟಲು ಸರಿಮಾಡಿಕೊಂಡ. ಎಣಿಕೆ ನಿಲ್ಲಿಸಿದ್ದಾರೆ, ಮೇಲೆ ಗಾಳಿ ಜೋರಾಗಿದೆಯಂತೆ, ಇನ್ನೂ ಇಪ್ಪತ್ತು ನಿಮಿಷ ಎಂದ. ರಾಕೆಟ್ಟೂ ನನ್ನ ವ್ಯಾನಿನ ಹಾಗೇ ಕೈಕೊಡುತ್ತದಾ ಎಂದು ಡ್ರೈವರು ಕೇಳಿದ. ಕೆಟ್ಟಿಲ್ಲ, ಕಾಯುತ್ತಿದೆ ಅಷ್ಟೇ ಎಂದು ಕನ್ನಡಕದವನು ತಿಳಿಸಿ ಹೇಳಿದ. ಡ್ರೈವರು ಒಳಗೆ ಮಲಗಿದ್ದವನನ್ನು ಒಮ್ಮೆ ನೋಡಿದ. ನಿಲ್ದಾಣದಲ್ಲಿ ಅವನ ಕೂಗು ಕೇಳಿಯೇ ಗಾಡಿ ಓಡಿಸಲು ಕಲಿತವನು. ಬೀಗದಕೈ ತಿರುಗಿಸಿ ಎಂಜಿನ್ ನಿಲ್ಲಿಸಿದ.

*

ನಿನ್ನೆ ಸಂಜೆ ಅವನು ತಾರಸಿಯಲ್ಲಿ ಇವತ್ತಿನ ರಾಕೆಟ್ಟಿಗೆ ತಾಲೀಮು ನಡೆಸಿದ್ದ. ಮೋಟುಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಅದಕ್ಕೆ ನೇರವಾಗಿ ಎರಡು ಕುರ್ಚಿ ಹಾಕಿದ್ದ. ಆಮೇಲೆ ಕೆಳಗಿಳಿದು ಬಂದು ಯಂತ್ರದ ಪಕ್ಕ ನಿಂತು, ಬಟ್ಟೆ ಅಳೆಯುವ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಪಾಠ ಹೇಳಿದ.

"ಆ ಇಬ್ಬರೂ ಫೋನೇ ನೋಡ್ತಾರೆ. ಕೆಂಪಕ್ಷರದಲ್ಲಿ ಲೈವ್ ಅಂತ ಬರೆದಿದೆಯಂತೆ, ಅದಕ್ಕೇ ನಂಬಿಕೆ. ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ. ಫೋನಿಗೆ ಬರೋ ಹೊತ್ತಿಗೆ ನಲವತ್ತು ಸೆಕೆಂಡು ತಡ ಆಗಿರುತ್ತೆ ಕಣೇ. ಅವರು ಎಣಿಸ್ತಾ ಇರೋವಾಗಲೇ ಅದು ಹೋಗಿಬಿಟ್ಟಿರುತ್ತೆ. ನೀನು ಫೋನು ನೋಡಬೇಡ. ಗೆರೆ ನೇರಕ್ಕೆ ತಲೆ ಎತ್ತು."

"ಆಯ್ತು. ಈ ಸಲ ಖಂಡಿತ," ಎಂದಳು, ಸೂಜಿಗೆ ದಾರ ಪೋಣಿಸುತ್ತ.

ಅವನು ಮತ್ತೆ ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಕೂಗು ಬಂತು. ಮೂರು ಬೀದಿಗೆ ಕೇಳಿಸುವ ಕೂಗಲ್ಲ, ಮೆಟ್ಟಿಲು ಇಳಿಯುವಷ್ಟೇ ಕೂಗು. "ಬಾರೇ, ಒಂದು ನಿಮಿಷ."

"ಬಂದೆ, ಇರಿ."

ಒಂದು ಕಾಲರಿನ ಹೊಲಿಗೆ ಬಾಕಿ ಇತ್ತು. ಮುಗಿಸಿ, ದಾರ ಕತ್ತರಿಸಿ, ಮೆಟ್ಟಿಲು ಹತ್ತಿದಾಗ ಅವನು ತನ್ನ ಕುರ್ಚಿಯಲ್ಲೇ ಕೂತಿದ್ದ, ಕತ್ತು ಒಂದು ಪಕ್ಕಕ್ಕೆ ವಾಲಿತ್ತು. ಒಂದು ಕೈ ಪಕ್ಕದ ಕುರ್ಚಿಯ ತೋಳಿನ ಮೇಲಿತ್ತು.

*

ನೀಲಿ ಕುರ್ಚಿಯನ್ನು ಅವಳು ಯಾರ ಕೈಗೂ ಕೊಡದೆ ತಾನೇ ಹೊತ್ತು ಹತ್ತಿದಳು. ಹಿಂದೆ ಇಬ್ಬರು ಮುದುಕರು. ಭಾವ ಅರ್ಧ ಮೆಟ್ಟಿಲಿನವರೆಗೆ ಬಂದು, ಏದುಸಿರು ಬಿಡುತ್ತ ಅಲ್ಲೇ ಕೂತರು.

ಅವನ ಕುರ್ಚಿ ನಿನ್ನೆ ಇದ್ದ ಕಡೆಯೇ ಇತ್ತು. ಅವಳು ತನ್ನದನ್ನು ಅದರ ಪಕ್ಕಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡು ಕೂತಳು. ಹನ್ನೊಂದು ವರ್ಷ ಸುಮ್ಮನಿದ್ದ ಪ್ಲಾಸ್ಟಿಕ್ಕು ಕಿರ್ ಎಂದಿತು. ಎದುರಿಗೆ ಮೋಟುಗೋಡೆ, ಅದರ ಮೇಲೆ ಗೆರೆ, ಆಚೆಗೆ ನೀರಿನ ಟ್ಯಾಂಕು, ಅದರಾಚೆಗೆ ಖಾಲಿ ಆಕಾಶ.

"ಎಣಿಕೆ ಮತ್ತೆ ಶುರುವಾಯ್ತು," ಎಂದ ಬೇಕರಿಯವನು. ಇಬ್ಬರೂ ಬಕೆಟ್ಟುಗಳ ಮೇಲೆ ಕೂತು ಒಂದೇ ಫೋನಿನ ಮೇಲೆ ಬಗ್ಗಿದರು. ಜೋರಾಗಿ ಎಣಿಸುವುದು ಮೈಕಿನ ಪಾಲಿನ ಕೆಲಸವಾಗಿತ್ತು. ಇವತ್ತು ಯಾರು ಶುರು ಮಾಡಬೇಕೆಂದು ತಿಳಿಯದೆ ಇಬ್ಬರೂ ಬಾಯೊಳಗೇ ಗೊಣಗಿದರು.

"ಇಪ್ಪತ್ತೈದು. ಇಪ್ಪತ್ತನಾಲ್ಕು."

ಅವಳು ಫೋನು ನೋಡಲಿಲ್ಲ. ಗೆರೆಯ ನೇರಕ್ಕೆ ತಲೆ ಎತ್ತಿದಳು.

"ಇಪ್ಪತ್ತು. ಹತ್ತೊಂಬತ್ತು."

ಟ್ಯಾಂಕಿನ ಹಿಂದಿನಿಂದ ಒಂದು ಕಿಡಿ ಮೇಲೆದ್ದಿತು. ಸದ್ದಿಲ್ಲ. ಬೆನ್ನ ಹಿಂದೆ ಬಿಳಿಯ ದಾರ ಬಿಚ್ಚುತ್ತ, ಸ್ವಲ್ಪ ಸ್ವಲ್ಪವೇ ವಾಲುತ್ತ, ಆಕಾಶದ ಬಟ್ಟೆಯಲ್ಲಿ ಏರುತ್ತ ಹೋಯಿತು.

"ಬಂದೆ," ಎಂದಳು, ಪಕ್ಕದ ಕುರ್ಚಿಗೆ ಮಾತ್ರ ಕೇಳಿಸುವ ಹಾಗೆ. ಅದರ ತೋಳಿನ ಮೇಲೆ ಕೈ ಇಟ್ಟಳು.

ಬಕೆಟ್ಟುಗಳ ಮೇಲಿದ್ದ ಇಬ್ಬರೂ ತಲೆ ಬಗ್ಗಿಸಿಕೊಂಡೇ ಎಣಿಸುತ್ತಿದ್ದರು, ಹನ್ನೆರಡು, ಹನ್ನೊಂದು, ಹತ್ತು.