ಸಾವಂತ್ರವ್ವ ಆರಿಸಿದ ಆಂಪ್ಲಿಫೈಯರು

ಕಳ್ಳಕವಟಗಿಯ ಮದುವೆಯಲ್ಲಿ ಮಲಂಗಸಾಬನ ಬ್ಯಾಂಡಿನವರು ಎರಡನೆಯ ಹಾಡು ಎತ್ತಿಕೊಂಡಾಗ ಸಾವಂತ್ರವ್ವನ ರೇಡಿಯೋ ಕೈಕೊಟ್ಟಿತು. ಆಕೆ ಬಾರಿಸುತ್ತಿದ್ದದ್ದು ಬಾಸ್ ಗಿಟಾರು. ನಾಲ್ಕು ದಪ್ಪ ತಂತಿಗಳ ಆ ವಾದ್ಯಕ್ಕೆ ತನ್ನದೇ ಆದ ದನಿ ಇಲ್ಲ. ಕರೆಂಟಿನ ಪೆಟ್ಟಿಗೆಯೊಂದು ಅದರ ದನಿಯನ್ನು ದೊಡ್ಡದು ಮಾಡಿ ಹೊರಗೆ ಬಿಡಬೇಕು. ಅಂಥ ಪೆಟ್ಟಿಗೆ ಬ್ಯಾಂಡಿನಲ್ಲಿ ಇರಲಿಲ್ಲ. ಹಾಗಾಗಿ ಆಕೆ ಹಳೆಯ ರೇಡಿಯೋ ಒಂದಕ್ಕೆ ವೈರು ಸಿಕ್ಕಿಸಿಕೊಂಡು ಎರಡು ವರ್ಷ ಹೇಗೋ ನಿಭಾಯಿಸಿದ್ದಳು. ಅವತ್ತು ಅದರ ಸ್ಪೀಕರಿನ ಕಾಗದ ಹರಿದು ಪರ್ರ್ ಎಂದು ಎಂಥದೋ ಸದ್ದು ಬಂತು. ಹಂದರದಲ್ಲಿ ಕೂತ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯವ್ವಾ, ನಿನಗ ಅಜೀರ್ಣ ಆಗೈತಿ, ಓಂಕಾಳು ತಿನ್ನು!" ಎಂದು ಒಬ್ಬ ಕೂಗಿದ.

ಸಾವಂತ್ರವ್ವ ವೈರು ಕಿತ್ತು, ಹಾಡು ಮುಗಿಯುವವರೆಗೆ ಗಿಟಾರನ್ನು ಎದೆಗೆ ಆನಿಸಿಕೊಂಡು ನಿಂತಳು. ತಲೆ ತಗ್ಗಿಸಲಿಲ್ಲ. ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿದಳು.

ಆಕೆ ಮೊದಲು ನಾಟಕ ಕಂಪನಿಯಲ್ಲಿದ್ದವಳು. ಗೋವಾದಿಂದ ಬಂದ ವಾದ್ಯಗಾರನೊಬ್ಬ ಅಲ್ಲಿ ಈ ಗಿಟಾರು ಬಾರಿಸುತ್ತಿದ್ದ. ಪಾತ್ರವಿಲ್ಲದ ಹೊತ್ತಿನಲ್ಲಿ ಆಕೆ ಅವನ ಪಕ್ಕ ಕೂತು ಕಲಿತಳು. ಕಂಪನಿ ಮುರಿದು ಎಲ್ಲರೂ ಚದುರಿದಾಗ ಕರೆಂಟಿನ ಪೆಟ್ಟಿಗೆ ಕಂಪನಿಯದಾದ್ದರಿಂದ ಅವನು ವಾದ್ಯವನ್ನಷ್ಟೇ ಆಕೆಗೆ ಕೊಟ್ಟು ಊರಿಗೆ ಹೋದ. ಅದೇ ಸಮಯಕ್ಕೆ ವಿಜಾಪುರದ ಮಲಂಗಸಾಬನ ಬ್ಯಾಂಡಿನಲ್ಲಿ ದೊಡ್ಡ ಹಿತ್ತಾಳೆ ಪೀಪಿ ಊದುವವನು ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋಗಿದ್ದ. ತಳದ ದನಿ ಇಲ್ಲದೆ ಬ್ಯಾಂಡು ಬೋಳುಬೋಳಾಗಿ ಕೇಳುತ್ತಿತ್ತು. ಕ್ಲಾರಿಯೊನೆಟ್ ಊದುವ ಮಲಂಗಸಾಬ ಮುದುಕ, ಜಾಣ. "ಬಾರಸಾವ್ರು ಯಾರರ ಇರಲಿ, ತಾಳ ತಪ್ಪಬಾರದು" ಎಂದು ಸಾವಂತ್ರವ್ವನನ್ನು ಸೇರಿಸಿಕೊಂಡಿದ್ದ.

ಕಳ್ಳಕವಟಗಿಯಿಂದ ಬಂದ ಮರುದಿನ ಆಕೆ ಅವನ ಮನೆಯ ಕಟ್ಟೆಗೆ ಹೋಗಿ ನಿಂತಳು.

"ಮಾಸ್ತರ್ರ, ಹೊಸಾ ಆಂಪ್ಲಿಫೈಯರ್ ಬೇಕು. ಅದು ಬರೂತನಾ ನಾ ಬಾರಸಂಗಿಲ್ಲ."

"ತರೂಣಂತ. ಹೆಂಗೂ ಬ್ಯಾಂಡಿಗೆ, ಜಾತ್ರ್ಯಾಗ ಕೂಗಾಕ ಕಟ್ಟತಾರಲ್ಲ, ಅಂಥಾ ಒಂದು ಭೋಂಗಾ ತರಬೇಕಂತ ನಾನೂ ಅಂದಕೊಂಡಿದ್ನಿ. ಅದಕ್ಕ ನಿಂದೂ ಸಿಗಸೂಣು."

"ಭೋಂಗಾ ಅಲ್ಲ. ನನ್ನ ದನಿಗೆ ಯಾವುದು ಹೊಂದತೈತಿ ಅದು. ನಾನ ನೋಡಿ ಆರಸಾಕಿ."

ಮಲಂಗಸಾಬ ಗಡ್ಡ ತುರಿಸಿಕೊಂಡ. ಬ್ಯಾಂಡಿನ ಗಂಟಿನ ಹಣಕ್ಕೆ ಬರುವುದು ಒಂದೇ ಸಾಮಾನು. ಅದನ್ನು ಯಾರು ಆರಿಸಬೇಕು ಎಂಬ ಪ್ರಶ್ನೆ ಅವನ ಜೀವಮಾನದಲ್ಲಿ ಯಾವತ್ತೂ ಎದ್ದಿರಲಿಲ್ಲ.

ಸೊಲ್ಲಾಪುರ ರಸ್ತೆಯಲ್ಲಿ ಇಸಾಕನ ರೇಡಿಯೋ ಅಂಗಡಿ. ಇಬ್ಬರೂ ಅಲ್ಲಿಗೆ ಹೋದರು. ಇಸಾಕ ಮೊದಲು ತೋರಿಸಿದ್ದು ಟ್ರಾನ್ಸಿಸ್ಟರಿನ ಹೊಸ ಮಾದರಿ. ಅಂಗೈ ಅಗಲದ ಪೆಟ್ಟಿಗೆ, ಅದಕ್ಕೆ ಬೆಳ್ಳಗೆ ಹೊಳೆಯುವ, ತುತ್ತೂರಿ ಬಾಯಿಯ ಎರಡು ಭೋಂಗಾ.

"ಹೆಣ್ಣಮಕ್ಕಳಿಗೆ ಇದ ಚಲೋ ನೋಡ್ರಿ. ಹಗೂರ ಐತಿ, ಎತ್ತಾಕ ಬರತೈತಿ."

"ಅಲ್ಲಿ ಮೂಲ್ಯಾಗಿರೂದು ಏನದು?" ಎಂದು ಸಾವಂತ್ರವ್ವ ಕೇಳಿದಳು.

ಗೋಡೆಗೆ ಒರಗಿ ಒಂದು ಕಟ್ಟಿಗೆಯ ಪೆಟ್ಟಿಗೆ ನಿಂತಿತ್ತು. ಸೊಂಟದೆತ್ತರ, ಮುಂದೆ ಕಂದು ಬಟ್ಟೆ. ಒಳಗೆ ಗಾಜಿನ ವಾಲ್ವುಗಳ ಆಂಪ್ಲಿಫೈಯರು, ಅದರ ಕೆಳಗೆ ಊಟದ ತಾಟಿನಷ್ಟು ಅಗಲದ ಸ್ಪೀಕರು. ಮುಂಬಯಿಯ ಹೋಟೆಲೊಂದರ ವಾದ್ಯಮೇಳಕ್ಕೆಂದು ತಯಾರಾದದ್ದು, ಅವರು ಒಯ್ಯದೆ ಇಸಾಕನ ಪಾಲಿಗೆ ಬಂದಿತ್ತು.

"ಅದು ಭಾಳ ವಜ್ಜಾ ಐತ್ರಿ. ಇಬ್ಬರು ಗಂಡಸರು ಬೇಕು."

"ಬ್ಯಾಂಡಿನ್ಯಾಗ ಗಂಡಸರಿಗೇನು ಬರ ಇಲ್ಲ. ಹಚ್ರಿ."

ಮೊದಲು ಭೋಂಗಾಕ್ಕೆ ವೈರು ಕೊಟ್ಟರು. ಸಾವಂತ್ರವ್ವ ತೆಳುವಾದ ತಂತಿ ಮೀಟಿದಾಗ ದನಿ ಹೊರಬಂತು, ಆದರೆ ಮೂಗಿನಿಂದ ಮಾತಾಡಿದ ಹಾಗೆ. ದಪ್ಪ ತಂತಿಗೆ ಬಂದಾಗ ಏನೂ ಇಲ್ಲ. ಬೆರಳು ತಂತಿಗೆ ತಾಗಿದ ಟಕ್ ಟಕ್ ಮಾತ್ರ. ಆಮೇಲೆ ಕಟ್ಟಿಗೆಯ ಪೆಟ್ಟಿಗೆಗೆ ಕೊಟ್ಟರು. ವಾಲ್ವು ಬಿಸಿಯಾಗುವವರೆಗೆ ಎಲ್ಲರೂ ಕಾದರು. ಆಕೆ ಅದೇ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಅಂಗಡಿಯ ಹಲಗೆಯ ಮೇಲಿದ್ದ ಮೊಳೆಗಳ ಡಬ್ಬಿ ಝರ್ರೆಂದು ನಡುಗಿತು. ದನಿ ಕಿವಿಗೆ ಬರುವ ಮೊದಲೇ ಹೊಟ್ಟೆಗೆ ಬಂದ ಹಾಗಾಯಿತು.

ಸಾವಂತ್ರವ್ವ ಬಾಯಿ ಬಿಟ್ಟು ನಕ್ಕಳು. ಬ್ಯಾಂಡಿಗೆ ಸೇರಿದ ಎರಡು ವರ್ಷಗಳಲ್ಲಿ ತನ್ನ ವಾದ್ಯದ ದನಿಯನ್ನು ಆಕೆ ಪೂರ್ತಿಯಾಗಿ ಕೇಳಿದ್ದು ಅವತ್ತೇ.

ಮಲಂಗಸಾಬ ಮಾತ್ರ ಒಪ್ಪಲಿಲ್ಲ. "ನಾಲ್ಕು ಗ್ವಾಡಿ ನಡುವ ಎಲ್ಲಾ ಚಲೋ ಕೇಳತಾವ ತಂಗಿ. ನಾವು ಬಾರಸೂದು ಬಯಲಾಗ. ಭೋಂಗಾ ಆದ್ರ ಟಿಕೋಟಾದಾಗ ಹಚ್ಚಿದ್ರ ಮುಂದಿನ ಊರು ಬಿಜ್ಜರಗಿಗೆ ಕೇಳತೈತಿ."

"ಹಂಗಾರ ಬಯಲಾಗ ನೋಡೂಣು. ಎರಡೂ ಒಯ್ಯೂಣು. ಟಿಕೋಟಾಕ್ಕ ನಡೀರಿ."

ಇಸಾಕ ಮೊದಲು ಒಲ್ಲೆನೆಂದ. ಪೆಟ್ಟಿಗೆ ಅಂಗಡಿಯ ಮೂಲೆಯಲ್ಲೇ ಗೆದ್ದಲು ಹಿಡಿಯಲಿ ಎಂದಿದ್ದರೆ ಹೇಳಿ, ಹೋಗುತ್ತೇನೆ ಎಂದು ಸಾವಂತ್ರವ್ವ ಹೊಸ್ತಿಲ ತನಕ ನಡೆದಾಗ ಕರೆದ. ಟಿಕೋಟಾದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಗುರಣ್ಣ ಅವನಿಗೆ ಪರಿಚಯ. ಅಲ್ಲಿ ಕರೆಂಟು ಸಿಗುತ್ತದೆ, ಮುಂದೆ ಬಯಲೂ ಇದೆ ಎಂದ.

ಸಂತೆಯ ಮರುದಿನ ಎರಡೂ ಸಾಮಾನು ಬಸ್ಸಿನ ಮೇಲೇರಿದವು. ಮಲಂಗಸಾಬ, ಇಸಾಕ, ಸಾವಂತ್ರವ್ವ ಮೂವರೂ ಹೊರಟರು. ಗುರಣ್ಣ ಖುಷಿಯಿಂದಲೇ ಬರಮಾಡಿಕೊಂಡ. ಬಿಟ್ಟಿ ಹಾಡು ಕೇಳುವುದು ಯಾರಿಗೆ ಬೇಡ? ಗಿರಣಿಯ ಮುಂದೆ ಜೋಳದ ಬುಟ್ಟಿ ಇಟ್ಟುಕೊಂಡು ಹೆಂಗಸರು ಸರದಿಗೆ ಕೂತಿದ್ದರು. ಗುರಣ್ಣ ಮೋಟಾರು ನಿಲ್ಲಿಸಿ ಇಸಾಕನಿಗೆ ಕರೆಂಟು ಕೊಟ್ಟ.

ಮೊದಲು ಭೋಂಗಾ. ಮಲಂಗಸಾಬ ಇಸಾಕ ತಂದಿದ್ದ ಮೈಕಿನ ಮುಂದೆ ಕ್ಲಾರಿಯೊನೆಟ್ ಊದಿದ. ಚಾವಡಿಯಲ್ಲಿ ಕೂತಿದ್ದ ಗಂಡಸರೆಲ್ಲ ಎದ್ದು ಬಂದರು. ಆಮೇಲೆ ಸಾವಂತ್ರವ್ವ ಕಟ್ಟಿಗೆಯ ಪೆಟ್ಟಿಗೆಗೆ ವೈರು ಸಿಕ್ಕಿಸಿದಳು. ಗುಂಯ್ಯೆನ್ನುವ ಗೊಣಗಾಟ ಬಂತು. ಇಸಾಕ ಅರ್ಥಿಂಗಿಗೆಂದು ಪೆಟ್ಟಿಗೆಯ ತಂತಿಯೊಂದನ್ನು ನೆಲದಲ್ಲಿ ಹುಗಿದು ಮೇಲೆ ಒಂದು ತಂಬಿಗೆ ನೀರು ಸುರಿದ. ಗೊಣಗಾಟ ಅಡಗಿತು. ಸಾವಂತ್ರವ್ವ ಸೆರಗು ಸಿಕ್ಕಿಸಿಕೊಂಡು ನಿಂತು ಬಾರಿಸತೊಡಗಿದಳು.

ಮಾತಾಡುತ್ತಿದ್ದ ಹೆಂಗಸರು ಇತ್ತ ತಿರುಗಿದರು. ನೆಲದ ಮೇಲೆ ಅಂಗೈ ಊರಿ ಕೂತಿದ್ದ ಮಾಶಾಬಿ ಎಂಬ ಹಿರಿಯಳು ಕೈ ಎತ್ತಿ ನೋಡಿಕೊಂಡು ಮತ್ತೆ ಊರಿದಳು. "ಅಯ್ಯ, ನೆಲದಾಗಿಂದ ಬರಾಕತ್ತೈತಲ್ಲ ಇದು!" ಎಂದಳು.

ಅಷ್ಟರಲ್ಲಿ ಗಂಡಸರ ಗುಂಪಿನಿಂದ ಒಬ್ಬ, "ಈಕಿ ನಾಟಕದಾಕಿ ಅಲ್ಲನು?" ಎಂದ.

ಗುರಣ್ಣನ ಮುಖ ಬದಲಾಯಿತು. ಅವನು ಒಳಗೆ ಹೋದ. ದನಿ ಕತ್ತರಿಸಿದ ಹಾಗೆ ನಿಂತಿತು. ಮೇನ್ ಸ್ವಿಚ್ಚು ಕೆಳಗಿಳಿಸಿ ಹೊರಗೆ ಬಂದು, "ಮಲಂಗಸಾಬ, ನೀ ಊದುದಿದ್ರ ಊದು. ನಾಟಕದಾಕಿ ನನ್ನ ಬಾಗಲದಾಗ ನಿಂತು ಬಾರಸೂದು ಬ್ಯಾಡ. ಸಂಸಾರವಂತರು ಬರೂ ಜಾಗಾ ಇದು" ಎಂದ.

ಮಲಂಗಸಾಬ ಕ್ಲಾರಿಯೊನೆಟ್ಟನ್ನು ಚೀಲಕ್ಕೆ ಹಾಕತೊಡಗಿದ. "ನಡಿ ತಂಗಿ, ಹೋಗೂಣು" ಎಂದು ಮೆಲ್ಲಗೆ ಹೇಳಿದ.

ಸಾವಂತ್ರವ್ವ ಹೋಗಲಿಲ್ಲ. ಗಿಟಾರು ಕೊರಳಲ್ಲಿ ಇದ್ದ ಹಾಗೆಯೇ ಪೆಟ್ಟಿಗೆಯ ಮೇಲೆ ಕೂತಳು.

"ನಾ ಇನ್ನೂ ನೋಡಿ ಮುಗಿಸಿಲ್ಲರಿ ಗುರಣ್ಣಾರ. ನಾ ಯಾರಂತ ಗೊತ್ತಾಗೂಕಿಂತ ಮೊದಲು ನಿಮ್ಮ ಕಾಲು ಕುಣ್ಯಾಕತ್ತಿತ್ತು. ನಾ ನೋಡೇನಿ. ಗೊತ್ತಾದ ಮ್ಯಾಲೆ ದನಿ ಏನು ಮೈಲಿಗಿ ಆತೇನು?"

"ಎದ್ದು ಹೋಗ್ತೀಯೋ, ಎಬ್ಬಸಲೋ?"

"ಎಬ್ಬಸ್ರಿ. ಯಾರು ಮುಟ್ಟತಾರ ನೋಡತೀನಿ."

ಗುರಣ್ಣ ಮುಂದೆ ಬರಲಿಲ್ಲ. ಎಲ್ಲರೆದುರು ಹೆಣ್ಣುಮಗಳ ಮೈ ಮುಟ್ಟುವುದು ಹೇಗೆ? ಸಾವಂತ್ರವ್ವ ಗಿಟಾರನ್ನು ಮಡಿಲಿಗೆ ಒತ್ತಿ ಹಿಡಿದು ಕೂತೇ ಇದ್ದಳು.

ಮಾಶಾಬಿ ಎದ್ದಳು. "ಗುರಣ್ಣಾ, ಕರೆಂಟ್ ತಗದಿ. ನಮ್ಮ ಜ್ವಾಳಾ ಯಾರು ಬೀಸಬೇಕು?"

"ಇವರು ಹೋಗಲಿ, ಹಚ್ಚತೀನಿ."

"ಆಕಿ ಹೋಗಂಗಿಲ್ಲ ಅನ್ನಾಕತ್ತಾಳ. ನಮಗೇನು, ಕಲ್ಲು ಮನ್ಯಾಗ ಅದಾವು, ಬೀಸಕೊಂಡೇವು." ಮಾಶಾಬಿ ಬುಟ್ಟಿ ಎತ್ತಿ ತಲೆಯ ಮೇಲಿಟ್ಟಳು. ಪಕ್ಕದವಳೂ ಸಿಂಬಿ ಸುತ್ತತೊಡಗಿದಳು. ಅವಳ ಹಿಂದಿನವಳೂ ಎದ್ದಳು.

ಗುರಣ್ಣ ಆ ಬುಟ್ಟಿಗಳನ್ನು ನೋಡಿದ. ಆಮೇಲೆ ಸಾವಂತ್ರವ್ವನನ್ನು ನೋಡಿದ. ಅವನಿಗೇನೋ ಹೊಳೆದಿರಬೇಕು, ಒಂದು ಬದಿಯಿಂದ ನಕ್ಕ.

"ಆತು. ಕರೆಂಟ್ ಹಚ್ಚತೀನಿ, ಗಿರಣಿನೂ ಹಚ್ಚತೀನಿ. ಈಗ ಬಾರಸು, ನಿನ್ನ ದನಿ ಯಾರಿಗೆ ಕೇಳತೈತಿ ನೋಡೂಣು."

ಸ್ವಿಚ್ಚು ಮೇಲೇರಿತು. ಪಟ್ಟಾ ಎಳೆದುಕೊಂಡು ಗಿರಣಿ ಗರ್ರೆಂದು ತಿರುಗಿತು. ಕರೆಂಟನ್ನೆಲ್ಲ ಮೋಟಾರೇ ಜಗ್ಗಿಕೊಂಡು ಆಂಪ್ಲಿಫೈಯರಿನ ಕೆಂಪು ದೀಪ ಸಪ್ಪಗಾಯಿತು. ಸಾವಂತ್ರವ್ವ ಮೊದಲು ಬಾರಿಸಿದ್ದು ತನಗೇ ಕೇಳಲಿಲ್ಲ. ಗಂಡಸರು ಕಿವಿಗೆ ಕೈ ಹಚ್ಚಿ, "ಏನಂದ್ಯವ್ವಾ?" ಎಂದು ಅಣಕಿಸಿದರು.

"ಇಸಾಕಣ್ಣಾ, ಇದನ್ನ ಆ ಮೂಲಿಗೆ ನೂಕೂಣು ಬರ್ರಿ" ಎಂದಳು.

ಗಿರಣಿಯ ಕಲ್ಲುಗೋಡೆಯೂ ಪಕ್ಕದ ಮನೆಯ ಗೋಡೆಯೂ ಕೂಡುವ ಮೂಲೆಗೆ ಇಬ್ಬರೂ ಪೆಟ್ಟಿಗೆಯನ್ನು ದಬ್ಬಿದರು. ಕಂಪನಿಯಲ್ಲಿ ಆ ಗೋವಾದವನು ಪೆಟ್ಟಿಗೆ ಇಡಲು ಸದಾ ಮೂಲೆ ಹುಡುಕುತ್ತಿದ್ದ. ಯಾಕೆಂದು ಆಕೆ ಆಗ ಕೇಳಿರಲಿಲ್ಲ. ಎರಡೂ ಗೋಡೆಗಳು ತಳದ ದನಿಯನ್ನು ಚದುರಗೊಡದೆ ಮುಂದಕ್ಕೆ ತಳ್ಳುತ್ತವೆ ಎಂದು ಈಗ ಹೊಳೆಯಿತು. ಗುಂಡಿ ತಿರುಗಿಸಿದಳು. ಗಿರಣಿಯ ಗದ್ದಲದ ಜೊತೆ ಪೈಪೋಟಿಗೆ ಇಳಿಯಲಿಲ್ಲ. ಎಲ್ಲಕ್ಕಿಂತ ದಪ್ಪ ತಂತಿ ಹಿಡಿದು, ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬಿಟ್ಟು, ನಿಧಾನಕ್ಕೆ ಬಾರಿಸಿದಳು. ಗಿರಣಿ ಮೇಲೆ ಅರಚುತ್ತಿತ್ತು. ಅದರ ಕೆಳಗಿನಿಂದ ದುಮ್, ದುಮ್ ಎಂದು ಇದು ಎದ್ದುಬಂತು. ಸುರಿದ ಹಿಟ್ಟು ಡಬ್ಬಿಯಲ್ಲಿ ಪ್ರತಿ ಹೊಡೆತಕ್ಕೂ ಕುಸಿಯಿತು. ತಗಡಿನ ಬಾಗಿಲು ಒದರಿತು. ಅಣಕಿಸಿದವರು ಕೈ ಕೆಳಗಿಳಿಸಿದರು. ಮಾಶಾಬಿ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ತಾಳಕ್ಕೆ ಸರಿಯಾಗಿ ಕತ್ತು ಆಡಿಸುತ್ತ ನಿಂತಳು.

ಮಲಂಗಸಾಬ ಯಾರಿಗೂ ಹೇಳದೆ ರಸ್ತೆಗೆ ಇಳಿದು ಬಿಜ್ಜರಗಿಯ ಕಡೆ ನಡೆದಿದ್ದ. ಹೊಲಗಳ ಅಂಚಿನ ತನಕ ಹೋಗಿ ಹಿಂದಿರುಗಿ ಬಂದು, ಆಕೆ ಬಾರಿಸಿ ಮುಗಿಸುವವರೆಗೆ ಕಾದ.

"ಖರೇ ಹೇಳತೀನಿ. ಭೋಂಗಾ ಇದಕ್ಕಿಂತ ದೂರ ಕೇಳತೈತಿ."

"ಹೌದ್ರಿ."

"ಕೇಳತೈತಿ, ಅಷ್ಟ. ಇದು ನಡಸ್ತೈತಿ. ಅಲ್ಲಿಂದ ಬರೂವಾಗ ನನ್ನ ಹೆಜ್ಜಿ ತಾನ ತಾಳಕ್ಕ ಬಿದ್ವು." ಅವನು ಇಸಾಕನ ಕಡೆ ತಿರುಗಿದ. "ಭೋಂಗಾ ನೀ ಒಯ್ಯಿ. ಈ ಪೆಟಗಿ ನಾವು ಒಯ್ತೀವಿ."

ಗುರಣ್ಣ ಮಾಶಾಬಿಯ ಜೋಳ ಗಿರಣಿಗೆ ಸುರಿಯುತ್ತಿದ್ದ. ಹೊರಡುವಾಗ ಸಾವಂತ್ರವ್ವ ಅವನಿಗೆ ಕೈ ಮುಗಿದಳು. ಅವನು ಮುಗಿಯಲಿಲ್ಲ.

ಹೊಸ ಪೆಟ್ಟಿಗೆಗೆ ಸಿಕ್ಕ ಮೊದಲ ಮದುವೆ ಬಬಲೇಶ್ವರದ್ದು. ಅದು ಸಾವಂತ್ರವ್ವನ ತವರು. ನಾಟಕಕ್ಕೆ ಸೇರಿದಾಗಿನಿಂದ ಅಣ್ಣ ಧೂಳಪ್ಪ ಆಕೆಯನ್ನು ಮನೆಯ ಹೊಸ್ತಿಲು ತುಳಿಸಿರಲಿಲ್ಲ. "ಮನಸಿಲ್ಲಂದ್ರ ಈ ಒಂದು ಬಿಡು" ಎಂದು ಮಲಂಗಸಾಬ ಹೇಳಿದ. ಆಕೆ ಬಿಡಲಿಲ್ಲ. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಳು.

ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಎದ್ದ ಮೇಲೆ, ಬ್ಯಾಂಡಿನವರು ಸಾಮಾನು ಹೊಂದಿಸುತ್ತಿದ್ದಾಗ, ಧೂಳಪ್ಪ ತಾನೇ ಬಂದ. ಕೈಯಲ್ಲಿ ಒಂದು ಜಮಖಾನೆ, ಹಗ್ಗ.

"ಇದನ್ನ ಅಡ್ಡ ಕಟ್ಟತೀನಿ. ಹಿಂದ ಕುಂತು ಏನರ ಬಾರಸಕೋ. ಊರಾಗ ನಾ ತಿರಗಾಡಬೇಕು."

ಆಕೆ ಅವನ ಮುಖ ನೋಡಿದಳು. ಕೆನ್ನೆಗಳು ಒಳಗೆ ಹೋಗಿದ್ದವು, ಅಪ್ಪನ ಹಾಗೆಯೇ ಕಾಣುತ್ತಿದ್ದ.

"ಯಣ್ಣಾ, ನಾ ಕಳ್ಳತನ ಮಾಡಾಕತ್ತಿಲ್ಲ, ಮರಿಗೆ ಕುಂದ್ರಾಕ. ಇಲ್ಲೇ ನಿಂದ್ರತೀನಿ. ನಿನಗ ನೋಡಾಕ ಆಗಂಗಿಲ್ಲಂದ್ರ ಆ ಜಮಖಾನಿ ನೀ ಹೊತ್ಕೋ."

ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಧೂಳಪ್ಪ ಜಮಖಾನೆಯನ್ನು ನೆಲಕ್ಕೆ ಒಗೆದು, ಹೆಂಗಸರು ಕೂತ ಕಡೆ ಹೋಗಿ ಹೆಂಡತಿ ಮಲಕವ್ವನನ್ನು ಕರೆದ.

"ಏಳ್ ಬೇ, ಮನಿಗೆ ನಡಿ."

ಮಲಂಗಸಾಬ ಕಾಯಲಿಲ್ಲ, ಊದಿಬಿಟ್ಟ. ಸಾವಂತ್ರವ್ವ ಬೆರಳು ಇಳಿಸಿದಳು. ಹಂದರದ ಗಳಗಳಿಗೂ ತಟ್ಟುವಂತೆ ದನಿ ಹೊರಟಿತು. ಮಲಕವ್ವ ಗಂಡನನ್ನು ಒಮ್ಮೆ ನೋಡಿದಳು. ಮಡಿಲಲ್ಲಿದ್ದ ಕೂಸನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡು, ಕೂತಲ್ಲೇ ಸರಿಯಾಗಿ ಚಕ್ಕಳಮಕ್ಕಳ ಹಾಕಿದಳು. ಧೂಳಪ್ಪ ಇನ್ನೊಂದು ಸಲ ಕರೆದ. ಆ ದನಿಯಲ್ಲಿ ಅವನ ಕೂಗು ಯಾರಿಗೂ ಕೇಳಲಿಲ್ಲ. ಅವನೊಬ್ಬನೇ ಹೋದ.

ಹಾಡು ಮುಗಿದಾಗ ಹೆಂಗಸರ ಕಡೆಯಿಂದ, "ಇನ್ನೊಂದು ಬಾರಸ್ರೀ!" ಎಂದು ಕೂಗು ಬಂತು. ಸಾವಂತ್ರವ್ವ ಗುಂಡಿಯನ್ನು ಇನ್ನೂ ಸ್ವಲ್ಪ ಮೇಲೆ ತಿರುಗಿಸಿದಳು.