ದತ್ತೂರಿ ಕಾಯಿಯ ಕಲ್ಲು

ಪುಣೆಯಿಂದ ಹೊರಟು ಭೋರ ದಾಟಿದ ಮೇಲೆ ರಸ್ತೆ ನೀರಾ ನದಿಯ ದಂಡೆ ಹಿಡಿದು ಏರುತ್ತದೆ. ಕಾರ್ತಿಕ ಮಾಸದ ಬೆಳಗು. ಮಳೆ ನಿಂತು ತಿಂಗಳಾದರೂ ಗುಡ್ಡದ ಹುಲ್ಲು ಪೂರ್ತಿ ಒಣಗಿರಲಿಲ್ಲ. ಬಿಸಿಲು ಬಿದ್ದಲ್ಲಿ ಬಂಗಾರ, ನೆರಳಿದ್ದಲ್ಲಿ ಇನ್ನೂ ಹಸಿರು. ಹೊಲದಲ್ಲಿ ಜೋಳ ಮೊಳಕಾಲುದ್ದ ಬಂದಿತ್ತು. ಜಟ್ಟೆಪ್ಪ ತನ್ನ ಅಂಬಾಸಿಡರ್ ಕಾರನ್ನು ಎರಡನೇ ಗೇರಿಗೆ ಇಳಿಸಿ, ಮುದಿ ಎತ್ತನ್ನು ಏರಿಗೆ ಹಚ್ಚಿದಂತೆ ಸಾವಕಾಶವಾಗಿ ಹತ್ತಿಸುತ್ತಿದ್ದ.

ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು. ಒಬ್ಬರು ಕೃಷ್ಣಾಜಿ ಮಾಸ್ತರರು. ಧಾರವಾಡದ ಕಡೆಯವರು, ಮೂವತ್ತು ವರ್ಷ ಪುಣೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಇನ್ನೊಬ್ಬಾಕೆ ಸ್ಕಾಟ್ಲೆಂಡಿನಿಂದ ಬಂದ ಮೋರಾಗ್ ಕಿನ್ನಿಯರ್ ಎಂಬ ಐವತ್ತರ ಹೆಂಗಸು. ಆಕೆಯ ಮುತ್ತಜ್ಜ ಅಲೆಕ್ಸಾಂಡರ್ ನೂರು ವರ್ಷದ ಹಿಂದೆ ಈ ಘಟ್ಟದ ರಸ್ತೆ ಕಡಿಸಲು ಬಂದಿದ್ದ ಓವರ್ಸೀಯರ್. ರಸ್ತೆ ಮುಗಿಯುವ ಮೊದಲೇ ಕಾಲರಾ ಬಂದು ಸತ್ತಿದ್ದ. ಊರಿನಲ್ಲಿ ಆಕೆಯ ತಂದೆಗೆ ಎಂಬತ್ತಾರು ವರ್ಷ. ಹಾಸಿಗೆ ಹಿಡಿದಿದ್ದರು. "ಅಜ್ಜನ ಕಲ್ಲು ಅಲ್ಲಿ ಇದೆಯೋ ಇಲ್ಲವೋ ನೋಡಿಕೊಂಡು ಬಾ. ಅದೊಂದು ತಿಳಿದರೆ ನಾನು ನಿಶ್ಚಿಂತೆಯಿಂದ ಹೊರಡುತ್ತೇನೆ" ಎಂದು ಮಗಳನ್ನು ಕಳಿಸಿದ್ದರು. ಮೂರು ದಿನದಿಂದ ಸಾಸವಡ, ಶಿರವಳ ಎಂದು ಹಳೆಯ ಗೋರಿಗಳನ್ನೆಲ್ಲ ಸುತ್ತಿದ್ದಾಯಿತು. ಬುಧವಾರ ಮುಂಬಯಿಯಿಂದ ಆಕೆಯ ವಿಮಾನ. ಇವತ್ತು ಭಾನುವಾರ.

ಘಟ್ಟದ ಬುಡದಲ್ಲಿ ಪಿಂಪಳವಾಡಿ ಎಂಬ ಇಪ್ಪತ್ತು ಮನೆಯ ಊರು. ದೇವಸ್ಥಾನದ ಪೂಜಾರಿ, ಅವಧೂತ ಎಂಬ ಹಲ್ಲಿಲ್ಲದ ಮುದುಕ, ಕೇಳಿದ ಕೂಡಲೇ ಮರಾಠಿಯಲ್ಲಿ ಹೇಳಿಬಿಟ್ಟ: "ಗೋರಿಗಳೇ? ಇದ್ದವು, ಏಳೆಂಟು. ಇಪ್ಪತ್ತೈದು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಗುತ್ತಿಗೆದಾರ ಕಲ್ಲನ್ನೆಲ್ಲ ಒಡೆಸಿ ರಸ್ತೆಗೆ ಹಾಸುವ ಖಡಿ ಮಾಡಿಸಿದ. ಕರ್ನಾಟಕದ ಕೂಲಿಯವರು ಬಂದಿದ್ದರು. ಬಾಯಿಸಾಹೇಬರು ಈಗ ನಿಂತದ್ದು ಆ ಖಡಿಯ ಮೇಲೇ."

ಮಾಸ್ತರರು ಅದನ್ನು ಮೆಲ್ಲಗೆ ಇಂಗ್ಲಿಷಿಗೆ ತಿರುಗಿಸಿದರು. ಮೋರಾಗ್ ತನ್ನ ಪಾದ ನೋಡಿಕೊಂಡಳು. ರಸ್ತೆ ಬಿಟ್ಟು ಹುಲ್ಲಿಗೆ ಇಳಿದು, ಅಲ್ಲಿದ್ದ ದೇವಗಣಗಿಲೆ ಮರದ ನೆರಳಿಗೆ ಹೋಗಿ ನಿಂತಳು. ಆಮೇಲೆ ಚೀಲದಿಂದ ಒಂದು ಲಕೋಟೆ ತೆಗೆದು, ಮಡಿಕೆಗಳಲ್ಲಿ ಹರಿದ ಹಳದಿ ಕಾಗದವೊಂದನ್ನು ಬಿಚ್ಚಿದಳು. ಮುತ್ತಜ್ಜನ ಗೋರಿಕಲ್ಲಿನ ಚಿತ್ರ. ಕಲ್ಲು ಕೆತ್ತಿಸಿದ ಗೆಳೆಯ ಆ ಕಾಲದಲ್ಲೇ ಅದನ್ನು ಬರೆದು ಊರಿಗೆ ಕಳಿಸಿದ್ದನಂತೆ. "ಇಂಥದ್ದೊಂದು ಚೂರಾದರೂ ಎಲ್ಲಿಯಾದರೂ ಕಂಡಿದೆಯೇ, ಕೇಳಿ" ಎಂದಳು. ಅವಧೂತ ಕಾಗದ ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದ.

ಜಟ್ಟೆಪ್ಪ ಆಗ ಕುಡಿಯುವ ನೀರಿನ ಚರಿಗೆ ಹಿಡಿದು ಬಂದಿದ್ದ. ಕಾಗದದ ಮೇಲೆ ಕಣ್ಣು ಬಿತ್ತು. ಎರಡು ಸಾಲು ಅಕ್ಷರ. ಅದರ ಮೇಲೆ ಒಂದು ದುಂಡನೆಯ ಕಾಯಿ, ಮೈತುಂಬ ಮುಳ್ಳು, ತಲೆಯ ಮೇಲೆ ಕುಚ್ಚು. ಚರಿಗೆಯ ನೀರು ಅರ್ಧ ಅವನ ಚಪ್ಪಲಿಯ ಮೇಲೆ ಚೆಲ್ಲಿತು.

ಆ ಕಾಯಿಯನ್ನು ಅವನು ಹತ್ತು ವರ್ಷದವನಿದ್ದಾಗಿನಿಂದ ನೋಡುತ್ತ ಬಂದಿದ್ದ. ಪುಣೆಯ ಹಡಪಸರದಲ್ಲಿ, ತಗಡಿನ ಸೂರಿನ ತನ್ನ ಮನೆಯಲ್ಲಿ, ಒಳಗಿನ ದೇವರ ಜಗಲಿಯ ಮೇಲೆ ಒಂದೂವರೆ ಮೊಳದ ಕರಿಕಲ್ಲಿದೆ. ಅದರ ಮೇಲೆ ಇದೇ ಕಾಯಿ, ಇವೇ ಅಕ್ಷರ. ಅವನ ತಾಯಿ ಯಮನವ್ವ ದಿನಾ ಅದಕ್ಕೆ ನೀರು ಹಾಕಿ ವಿಭೂತಿ ಹಚ್ಚುತ್ತಾಳೆ. ಸೋಮವಾರ ಎಣ್ಣೆ ತೀಡುತ್ತಾಳೆ. ತಂದೆ ಮಲಕಪ್ಪ ಅಫಜಲಪುರದ ಕಡೆಯಿಂದ ಕಲ್ಲು ಒಡೆಯುವ ಕೂಲಿಗೆ ಬಂದವನು. ಎಲ್ಲಿಯದೋ ರಸ್ತೆ ಕೆಲಸದಲ್ಲಿ ಸುತ್ತಿಗೆ ಎತ್ತಿದಾಗ ಶಿವ ದತ್ತೂರಿ ಕಾಯಿ ತೋರಿಸಿ 'ತಡೆ' ಅಂದನೆಂದೂ, ಅಪ್ಪ ಆ ಕಲ್ಲನ್ನು ತಲೆಯ ಮೇಲೆ ಹೊತ್ತು ತಂದನೆಂದೂ ಮನೆಯಲ್ಲಿ ಮಾತು. ಆಗ ಊರಲ್ಲೇ ಉಳಿದಿದ್ದ ಜಟ್ಟೆಪ್ಪ ಅದು ಎಲ್ಲಿಯ ರಸ್ತೆ ಎಂದು ಎಂದೂ ಕೇಳಿರಲಿಲ್ಲ.

ತಿರುಗಿ ಬರುವಾಗ ಅವನ ಬಾಯಿಗೆ ಬೀಗ ಬಿತ್ತು. ಅಪ್ಪ ಗೋರಿಯ ಕಲ್ಲು ಕದ್ದವನಾದ. ಅದನ್ನಾದರೂ ತಡೆದುಕೊಳ್ಳಬಹುದು, ಸತ್ತವನಿಗೆ ಯಾರು ಏನು ಮಾಡಿಯಾರು. ಆದರೆ ಅವ್ವ? ಎಪ್ಪತ್ತು ದಾಟಿದ ಜೀವ. ಗಂಡ ಸತ್ತಾಗ, ಸೊಸೆ ಚಂದಮ್ಮ ಹಡೆದ ಕೂಸು ಉಳಿಯದಿದ್ದಾಗ, ಆಕೆ ಹಣೆ ಹಚ್ಚಿ ಅತ್ತದ್ದು ಆ ಕಲ್ಲಿಗೇ. ಯವ್ವಾ, ನೀನು ಪೂಜಿಸಿದ್ದು ಹೆಣದ ಮೇಲಿನ ಕಲ್ಲು ಎಂದು ಯಾವ ಬಾಯಿಂದ ಹೇಳಲಿ?

"ಯಾಕೋ ಜಟ್ಟೆಪ್ಪಾ, ಹೋಗೂಮುಂದ ಕುಂಟ ಎಮ್ಮೀನ ಕಂಡ್ರೂ ಮಾತಾಡಸ್ತಿದ್ದಿ. ಈಗ ಮೂಕವ್ರತ ಹಿಡದೀ ಏನು?" ಎಂದರು ಮಾಸ್ತರರು.

"ಏನಿಲ್ರಿ ಮಾಸ್ತರ್ರ. ಗಾಡಿ ಸಪ್ಪಳ ಕೇಳಾಕತ್ತೀನ್ರಿ."

"ಗಾಡಿ ಸಪ್ಪಳಾ ಮಾಡೂದು ಇಪ್ಪತ್ತು ವರ್ಷಾತು. ಇವತ್ತ ಕೇಳಿಸ್ತೇನು?"

ಕಾಪುರಹೋಳದ ನಾಕಾದಲ್ಲಿ ಚಹಾಕ್ಕೆ ನಿಂತರು. ಮೋರಾಗ್ ಇಳಿಯಲಿಲ್ಲ. ಕಾಗದವನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೊಲದ ಕಡೆ ನೋಡುತ್ತ ಕುಳಿತಿದ್ದಳು. ಕನ್ನಡಿಯಲ್ಲಿ ಜಟ್ಟೆಪ್ಪನಿಗೆ ಆ ಮುಖ ಕಂಡಿತು. ಅಳುತ್ತಿರಲಿಲ್ಲ. ಅತ್ತಿದ್ದರೆ ಚಲೋ ಇತ್ತು. ತಂದೆಗೆ ಹೇಳಬೇಕಾದ ಮಾತನ್ನು ಒಳಗೊಳಗೇ ಜೋಡಿಸಿಕೊಳ್ಳುವವಳ ಹಾಗೆ ತುಟಿ ಅಲುಗುತ್ತಿತ್ತು. ಎಷ್ಟಾದರೂ ಮಗಳು. ಹಿರಿಯರ ಕಲ್ಲಿಗಾಗಿ ಏಳು ಸಮುದ್ರ ದಾಟಿ ಬಂದವಳು. ಆ ಕಲ್ಲು ತನ್ನ ಮನೆಯಲ್ಲಿಟ್ಟುಕೊಂಡು ಅವಳನ್ನು ಬರಿಗೈಯಲ್ಲಿ ಕಳಿಸಿದರೆ, ನಾಳೆ ಅದೇ ಕಲ್ಲಿಗೆ ಕೈಮುಗಿಯುವುದು ಹೇಗೆ?

ಕಾತ್ರಜ ಘಟ್ಟದ ತಲೆಯ ಮೇಲೆ ಬಂದಾಗ ಕೆಳಗೆ ಪುಣೆ ಹೊಗೆಯಲ್ಲಿ ಮಸುಕಾಗಿ ಕಂಡಿತು. ಜಟ್ಟೆಪ್ಪ ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸಿದ.

"ಮಾಸ್ತರ್ರ, ಬಾಯಿಸಾಹೇಬರಿಗೆ ಹೇಳ್ರಿ. ಆ ಕಲ್ಲು ಒಡದಿಲ್ಲ."

"ನಿನಗ ಹೆಂಗ ಗೊತ್ತೋ?"

"ನಮ್ಮ ಮನ್ಯಾಗ ದೇವರಾಗಿ ಕುಂತದ್ರಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಪಕ್ಕಕ್ಕೆ ತಿರುಗಿ ಆಕೆಗೆ ಹೇಳಿದರು. ಮೋರಾಗ್ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

"ಒಂದು ಮಾತ್ರಿ," ಎಂದ ಜಟ್ಟೆಪ್ಪ. "ನಮ್ಮವ್ವಗ ಗೋರಿ ಅನಬ್ಯಾಡ್ರಿ. ಹಳೇ ಕಲ್ಲಿನ ಫೋಟೋ ತಕ್ಕೊಳ್ಳಾಕ ಬಂದಾರ ಅನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಈ ವಯಸ್ಸಿನಾಗ ನನ್ನ ಬಾಯಿಂದ ಸುಳ್ಳು ಹೇಳಸ್ತೀ. ಆಗ್ಲಿ ನಡಿ," ಎಂದರು ಮಾಸ್ತರರು.

ಹಡಪಸರದ ಆ ಓಣಿಯಲ್ಲಿ ಕಾರು ಹೊಗುವುದಿಲ್ಲ. ನಡೆದು ಹೋದರು. ಯಮನವ್ವ ಬಾಗಿಲಲ್ಲಿ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಚಂದಮ್ಮ ಗಡಬಡಿಸಿ ಚಾಪೆ ಹಾಸಿದಳು. ಮಾಸ್ತರರು ಕೆಮ್ಮಿ ಸುಳ್ಳಿಗೆ ತಯಾರಾದರು. ಅದರ ಕೆಲಸವೇ ಬೀಳಲಿಲ್ಲ. ಮೋರಾಗ್ ಒಳಗೆ ಕಾಲಿಟ್ಟವಳೇ ಜಗಲಿಯ ಮುಂದೆ ಮೊಳಕಾಲೂರಿ ಕುಳಿತುಬಿಟ್ಟಳು. ಇಪ್ಪತ್ತೈದು ವರ್ಷ ಎಣ್ಣೆ ಕುಡಿದ ಕಲ್ಲು ಹರಳಿನ ಹಾಗೆ ಹೊಳೆಯುತ್ತಿತ್ತು. ನಿನ್ನೆ ಕೆತ್ತಿದಂತಿದ್ದ ಅಕ್ಷರಗಳಲ್ಲಿ ವಿಭೂತಿ ಕೂತು ಒಂದೊಂದೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅಲೆಕ್ಸಾಂಡರ್ ಕಿನ್ನಿಯರ್. ೧೮೭೪. ಮೋರಾಗ್ ಮುಟ್ಟಬಹುದೋ ಬಾರದೋ ಎಂದು ಕೈಯನ್ನು ಗಾಳಿಯಲ್ಲೇ ಹಿಡಿದಿದ್ದಳು. ಈಗ ಅಳು ಬಂದಿತ್ತು.

ಯಮನವ್ವ ಬತ್ತಿ ಕೆಳಗಿಟ್ಟು ಅವಳನ್ನು ನೋಡಿದಳು. ಕಲ್ಲನ್ನು ನೋಡಿದಳು. ಆಮೇಲೆ ಎದ್ದು ಹೋಗಿ ಆ ಗಾಳಿಯಲ್ಲಿದ್ದ ಕೈಯನ್ನು ಹಿಡಿದು ಕಲ್ಲಿನ ಮೇಲೆ ಇಟ್ಟಳು.

"ನಿಮ್ಮವರೇನವ್ವಾ?" ಎಂದು ಕನ್ನಡದಲ್ಲೇ ಕೇಳಿದಳು.

ತಿಳಿಯಿತೋ ಇಲ್ಲವೋ, ಮೋರಾಗ್ ಹೌದೆಂದು ತಲೆ ಆಡಿಸಿದಳು.

"ಭಾಳ ತಡಾ ಮಾಡಿದ್ರಿ. ನಮ್ಮವರು ದಾರಿ ಕಾದು ಕಾದು ಹೋದ್ರು."

ಜಟ್ಟೆಪ್ಪ ಒಂದು ಹೆಜ್ಜೆ ಮುಂದೆ ಬಂದ. "ಯವ್ವಾ... ನಿನಗ ಗೊತ್ತೈತೇನು? ಇದು..."

"ಗೋರಿ ಕಲ್ಲು ಅನ್ನೂದೇನು? ಗೊತ್ತಿಲ್ಲದ ಏನೋ? ಕಲ್ಲು ಕಿತ್ತ ಜಾಗಾದಾಗ ಕುಣಿ ಇದ್ದದ್ದು ನಾನೂ ನೋಡೀನಿ. ಖಡಿ ಹೊರಾಕ ನಾ ಇದ್ದಿಲ್ಲೇನು ಅಲ್ಲಿ?"

"ಮತ್ತ ಪೂಜಿ ಮಾಡ್ತಿಯಲ್ಲ!"

"ಇಂವನ ಕೇಳ್ರಿ ಮಾಸ್ತರ್ರ! ಪ್ಯಾಟ್ಯಾಗ ಗಾಡಿ ಹೊಡದು ಹೊಡದು ನಮ್ಮೂರ ಮಂದಿ ಎದಕ್ಕ ಕೈಮುಗದು ನಡಕೋತಾರ ಅನ್ನೂದಽ ಮರತಾನ. ಊರಾಗ ಶರಣರ ಗದ್ದಿಗಿ ಅದ. ಅದರೊಳಗ ಏನದ ಅಂತ ತಿಳದಿ, ಬೆಲ್ಲದ ಪೆಂಟಿ ಅದ ಏನು? ಸಣ್ಣಾಂವಿದ್ದಾಗ ನಿನ್ನ ಜಾವಳ ತಗಿಸಿದ್ದು ಅದರ ಮುಂದಽ."

ಮಾಸ್ತರರು ನಕ್ಕರು. ನಗುವಿನ ನಡುವೆಯೇ ಮೋರಾಗ್‌ಗೆ ಬಿಡಿಸಿ ಹೇಳಿದರು. ಗದ್ದುಗೆಯೆಂದರೆ ಸತ್ಪುರುಷನ ಸಮಾಧಿ, ಈ ಮಂದಿಯ ದೊಡ್ಡ ದೇವರುಗಳಲ್ಲಿ ಎಷ್ಟೋ ಗದ್ದುಗೆಯೇ.

ಯಮನವ್ವ ಜಗಲಿಯ ಪಕ್ಕದಲ್ಲಿ ಕುಳಿತಳು. "ಬ್ಯಾರೆ ಕಲ್ಲು ಎಲ್ಲಾ ಒಡದ್ರು. ಇದರ ಮ್ಯಾಲ ಸುತ್ತಿಗಿ ಎತ್ತಿದಾಗ ದತ್ತೂರಿ ಕಾಯಿ ಕಾಣಿಸ್ತು. 'ಯಮನೀ, ಇಂವ ಯಾರರೆ ಆಗ್ಲಿ, ಶಿವನ ಒಕ್ಕಲು. ಕಾಯಿ ಕೆತ್ತಿಸ್ಕೊಂಡಾನ ನೋಡು' ಅಂದ್ರು ನಮ್ಮವರು. ಮೇಸ್ತ್ರಿ ಬೈದ. ಇವರು ಕೇಳ್ಲಿಲ್ಲ. ಕುಣಿ ಮುಚ್ಚಿ, ಗುರ್ತಿಗೆ ಒಂದು ದೇವಗಣಗಲಿ ಟೊಂಗಿ ಚುಚ್ಚಿ ಬಂದ್ರು. 'ಇಂವನ ಮಕ್ಕಳು ಮೊಮ್ಮಕ್ಕಳು ಯಾವಾಗರೆ ಬರ್ತಾರ. ಅಲ್ಲಿ ತನಾ ಕಾಯೂದು ನಮ್ಮ ಪಾಳಿ' ಅಂತಿದ್ರು. ನಿನಗ ಹೇಳಲಿಲ್ಲ ಯಾಕಂದ್ರ, ನೀ ಅಂಜಬುರುಕ. ಸಣ್ಣಾಂವಿದ್ದಾಗ ಸುಡುಗಾಡ ದಾರಿ ಹಿಡದ್ರ ಉಚ್ಚಿ ಹೊಯ್ಕೋತಿದ್ದಿ."

ಚಂದಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಜಟ್ಟೆಪ್ಪನಿಗೆ ನಾಚಿಕೆಯೂ ಆಗಲಿಲ್ಲ. ಭೋರದಿಂದ ಎದೆಯ ಮೇಲೆ ಹೊತ್ತು ತಂದದ್ದು ಇಳಿದಿತ್ತು. ಗೋಡೆಗೆ ಒರಗಿ ಕುಳಿತ.

"ಮಾಸ್ತರ್ರ," ಎಂದ, ತಡವರಿಸುತ್ತ, "ದೇವಗಣಗಲಿ ಗಿಡ ಅಂದ್ರ... ಮುಂಜಾನೆ ಬಾಯಿಸಾಹೇಬರು ನೆಳ್ಳಿಗೆ ನಿಂತಿದ್ರಲ್ರಿ..."

ಮಾಸ್ತರರು ಮೋರಾಗ್‌ಗೆ ಅದನ್ನೂ ಬಿಡಿಸಿ ಹೇಳಿದರು. ಆಕೆ ಕಾಗದ ಬಿಚ್ಚಿದ್ದು ಮುತ್ತಜ್ಜನ ತಲೆಯ ಹತ್ತಿರವೇ ನಿಂತು.

ಮೋರಾಗ್ ಕಲ್ಲಿನ ಮೇಲಿನ ಕೈ ತೆಗೆಯದೆ ಹೇಳಿದಳು: ಕಲ್ಲು ಇಲ್ಲೇ ಇರಲಿ, ಇದಕ್ಕಿಂತ ಚೆನ್ನಾಗಿ ನಮ್ಮ ಊರಿನಲ್ಲೂ ಯಾರೂ ನೋಡಿಕೊಂಡಿರಲಾರರು. ಯಮನವ್ವ ಒಪ್ಪಲಿಲ್ಲ. "ಅಂವನ ಜಾಗಾದಾಗ ಅಂವ ಇರ್ಲಿ ತಂಗಿ. ನಾಳೆ ಸೋಮವಾರ, ಕಾರ್ತಿಕ. ಚಲೋ ದಿನ."

ಮರುದಿನ ಬೆಳಿಗ್ಗೆ ಕಲ್ಲಿಗೆ ಎಣ್ಣೆ ತೀಡಿ, ಹೊಸ ಕಂಬಳಿಯಲ್ಲಿ ಸುತ್ತಿ, ಜಟ್ಟೆಪ್ಪನೇ ತಲೆಯ ಮೇಲೆ ಹೊತ್ತು ಓಣಿ ದಾಟಿದ. ಡಿಕ್ಕಿಯಲ್ಲಿ ಇಡಲು ಯಮನವ್ವ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಆಕೆ, ಮೋರಾಗ್, ನಡುವೆ ಕಲ್ಲು. "ನನ್ನ ಜಾಗಾ ಹೋತು" ಎನ್ನುತ್ತ ಮಾಸ್ತರರು ಮುಂದೆ ಕುಳಿತರು. ಕಾರು ಕಾತ್ರಜ ಹತ್ತಿತು, ಇಳಿಯಿತು, ನೀರಾ ದಂಡೆ ಹಿಡಿಯಿತು. ಯಮನವ್ವ ಕಿಟಕಿಗೆ ಮುಖವಿಟ್ಟು, ಇಲ್ಲಿ ನಾವು ಬುಟ್ಟಿ ಹೊತ್ತೆವು, ಆ ತಿರುವಿನಲ್ಲಿ ಗುಡಿಸಲಿತ್ತು, ಈ ಹಳ್ಳದಲ್ಲಿ ಅರಿವೆ ಒಗೆದೆ ಎಂದು ತೋರಿಸುತ್ತ ಬಂದಳು. ಮೋರಾಗ್ ಕನ್ನಡ ಬಂದವಳ ಹಾಗೆ ಪ್ರತಿಯೊಂದಕ್ಕೂ ಹೂಂ ಎಂದಳು. ಒಬ್ಬರ ಮುತ್ತಜ್ಜ ಕಡಿಸಿದ ರಸ್ತೆ, ಇನ್ನೊಬ್ಬರು ಅಗಲ ಮಾಡಿದ ರಸ್ತೆ. ಗುಡ್ಡಕ್ಕೆ ಇಬ್ಬರೂ ಒಂದೇ.

ಪಿಂಪಳವಾಡಿಯ ಪೂಜಾರಿ ಅವಧೂತ ಹಾರೆ ತಂದ. ಮರದ ಬುಡದಲ್ಲಿ ತಗ್ಗು ತೆಗೆದು ಕಲ್ಲು ನಿಲ್ಲಿಸಿದರು. ಯಮನವ್ವ ನೀರು ಹಾಕಿ, ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದಳು. ಅಷ್ಟರಲ್ಲಿ ಜಟ್ಟೆಪ್ಪ ರಸ್ತೆಯ ಬದಿಯಿಂದ ಒಂದು ದತ್ತೂರಿ ಕಾಯಿ ಕಿತ್ತು ತಂದ. ಆಕೆ ಅದನ್ನು ಕಲ್ಲಿನ ಕಾಯಿಯ ಕೆಳಗೆ ಇಟ್ಟಳು. ಮೋರಾಗ್ ಎರಡನ್ನೂ ನೋಡಿ ಮಾಸ್ತರರ ಕಿವಿಯಲ್ಲಿ ಏನೋ ಹೇಳಿದಳು. ಮಾಸ್ತರರು ಹೇಳಲೋ ಬೇಡವೋ ಎಂದು ಗಂಟಲು ಸರಿಮಾಡಿಕೊಂಡರು.

"ಯಮನವ್ವಾ, ಇದು ದತ್ತೂರಿ ಅಲ್ಲಂತ. ಅವರ ದೇಶದ್ದು ಒಂದು ಹೂವಂತ. ಹೊಲದಾಗ, ದಾರಿ ದಂಡಿಗೆ, ತಾನಽ ಬೆಳೀತದಂತ. ಯಾರೂ ಮುಡಿಯೂದಿಲ್ಲ, ಆದ್ರ ಅವರ ನಾಡಿಗೆ ಅದಽ ಗುರ್ತು."

ಯಮನವ್ವ ಕೈಗೆ ಹತ್ತಿದ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡಳು.

"ಮುಳ್ಳು ಅದಾವಿಲ್ಲೋ?"

"ಅದಾವ."

"ದಾರಿ ದಂಡಿಗೆ ಬೆಳೀತದಿಲ್ಲೋ?"

"ಬೆಳೀತದ."

"ಮತ್ತೇನು ಮಾಸ್ತರ್ರ. ಯಾರೂ ಮುಡೀದ ಹೂವು ಯಾರಿಗೆ ಹೋಗ್ತದ, ನಾ ಹೇಳಬೇಕೇನು ನಿಮಗ?"

ಮಾಸ್ತರರು ಅದನ್ನು ಇಂಗ್ಲಿಷಿಗೆ ತರಲು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. ಮೋರಾಗ್ ನಗುತ್ತಿದ್ದಳು. ತಂದೆಗೆ ಹೇಳಬೇಕಾದ ಮೊದಲ ಮಾತು ಅವಳಿಗೆ ಸಿಕ್ಕಿತ್ತು.

ಕಾರು ತಿರುಗಿ ಗುಡ್ಡ ಇಳಿಯುವಾಗ ಯಮನವ್ವ ನಿದ್ದೆ ಹೋದಳು, ತಲೆ ಮೋರಾಗ್‌ಳ ಹೆಗಲಿಗೆ ವಾಲಿತು. ನಡುವೆ ಖಾಲಿ ಕಂಬಳಿ ಮಡಿಚಿಟ್ಟಿತ್ತು. ರಸ್ತೆಯ ಅಂಚಿನಲ್ಲಿ ಮುದಿ ಎಮ್ಮೆಯೊಂದು ಅಡ್ಡ ಬಂತು. ಜಟ್ಟೆಪ್ಪ ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನವಾ, ಎಲ್ಲಿಗೆ ಹೊಂಟೀದಿ?" ಎಂದು ಕೇಳಿದ.

"ಬಾಯಿ ಬಂತು ನೋಡು" ಎಂದರು ಮಾಸ್ತರರು.