ತುಂಬಿದ ಗಾಡಿಯ ಸದ್ದು

ದೇವದುರ್ಗದ ಹೊರಗಿನ ಹಳ್ಳದ ಸೇತುವೆ ಹತ್ತುವಾಗ ಅದು ಮತ್ತೆ ಕೇಳಿಸಿತು. ಕಟಕ್. ಜೀಪಿನ ಕಡೆಯ ಸೀಟಿನಲ್ಲಿ ಕೂತಿದ್ದ ಮಲ್ಲಿಕಾಳ ಎಡಗಾಲಿನ ಹಿಮ್ಮಡಿಗೆ ಯಾರೋ ಕೆಳಗಿನಿಂದ ಬೆರಳಲ್ಲಿ ಕುಟ್ಟಿದ ಹಾಗಾಯಿತು. ತೊಡೆಯ ಮೇಲಿದ್ದ ಮೂರು ವರ್ಷದ ಮಗಳು ಹುಲಿಗಿ ಅದಕ್ಕೇ ಕಾಯುತ್ತಿದ್ದವಳಂತೆ "ಕಟಕ್" ಎಂದಳು. ಹೆಂಗಸರೆಲ್ಲ ನಕ್ಕರು. ಗಾಡಿ ಓಡಿಸುತ್ತಿದ್ದ ಅವಳ ಗಂಡ ಅಂಜಿನೇಯ ಮಾತ್ರ ನಗಲಿಲ್ಲ.

"ನಗ್ರಿ, ನಗ್ರಿ. ಸೋಮವಾರ ಗುಜರಿಯವ ಬಂದು ಇದನ್ನ ಒಯ್ದ ಮ್ಯಾಲ ಕುರ್ಡಿಗಿ ನಡಕೋತ ಹೋಗ್ರಿ."

ನಗು ನಿಂತಿತು. ಮುಂದಿನ ಸೀಟನ್ನು ಒಬ್ಬಳೇ ತುಂಬಿ ಕೂತಿದ್ದ ಗೋಪಮ್ಮ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದಳು.

ಅವರು ಕುರ್ಡಿ ಊರಿನ ಹೊಲಗಳಿಗೆ ಹತ್ತಿ ಬಿಡಿಸಲು ಹೊರಟವರು. ಮಲ್ಲಿಕಾಳೂ ಸೇರಿ ಹನ್ನೊಂದು ಮಂದಿ, ಮೇಲೆ ಮೂರು ಕೂಸುಗಳು. ಬೇರೆ ಗಾಡಿಯವರು ಕೂಸುಗಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಅಂಜಿನೇಯ ಹತ್ತಿಸಿಕೊಳ್ಳುತ್ತಿದ್ದ, ಅವುಗಳಿಗೆಂದು ಕಡೆಯ ಸೀಟಿನ ಕೆಳಗೆ ಒಂದು ಕೌದಿಯನ್ನೂ ಇಟ್ಟಿದ್ದ.

ಜೀಪಿಗೆ ಹದಿನೆಂಟು ವರ್ಷ. ಅದರ ಹಟಗಳೆಲ್ಲ ಮಲ್ಲಿಕಾಳಿಗೆ ಮಗಳ ಹಟದಷ್ಟೇ ಗೊತ್ತು. ಎಡಬಾಗಿಲನ್ನು ಮೇಲಕ್ಕೆತ್ತಿ ಎಳೆದರೆ ಮಾತ್ರ ಮುಚ್ಚಿಕೊಳ್ಳುತ್ತದೆ. ಕಿಟಕಿಯ ಗಾಜು ಜಾರದಂತೆ ಹರಿದ ಚಪ್ಪಲಿಯ ತುಂಡೊಂದನ್ನು ಸಿಕ್ಕಿಸಬೇಕು. ಬೇಸಿಗೆಯಲ್ಲಿ ಹತ್ತು ಮೈಲಿಗೊಮ್ಮೆ ರೇಡಿಯೇಟರಿಗೆ ನೀರು ಕುಡಿಸಬೇಕು, ಚಳಿಗಾಲದ ಬೆಳಿಗ್ಗೆ ಎರಡು ಸಲ ಗದರಿಸಿ ಮೂರನೆಯ ಸಲ ಚಾಲೂ ಮಾಡಬೇಕು. ಇವಕ್ಕೆಲ್ಲ ಮದ್ದಿತ್ತು. ತಿಂಗಳ ಹಿಂದೆ ಶುರುವಾದ ಈ ಕಟಕ್‌ಗೆ ಮಾತ್ರ ಇರಲಿಲ್ಲ.

ದೇವದುರ್ಗದ ಮಿಸ್ತ್ರಿ ಗೇರ್ ಬಾಕ್ಸ್ ಬಿಚ್ಚಿ, ನೋಡಿ, ಮತ್ತೆ ಕೂಡಿಸಿದ್ದ. ಸದ್ದು ಹೋಗಲಿಲ್ಲ. ರಾಯಚೂರಿನ ಹಳೆಯ ಮಿಸ್ತ್ರಿ ನಬೀಸಾಬ್ ಎರಡು ಸಲ ಗಾಡಿ ಓಡಿಸಿ ನೋಡಿ, "ಏನೂ ಇಲ್ಲ ಬೇಟಾ, ನಿನ್ನ ಕಿವಿ ತೋರ್ಸು ಡಾಕ್ಟರಿಗಿ" ಎಂದು ಕಳಿಸಿದ್ದರು. ಅಂಜಿನೇಯನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಬೆನ್ನ ಹಿಂದೆ ಇಷ್ಟು ಜೀವಗಳನ್ನು ಕೂರಿಸಿಕೊಂಡು, ಏನು ಮುರಿಯುತ್ತಿದೆಯೋ ಗೊತ್ತಿಲ್ಲದೆ ದಿನವೂ ಸೇತುವೆ ಹತ್ತಿಸುವುದು ಅವನಿಂದ ಆಗದಾಯಿತು. ಗಾಡಿಯನ್ನು ಗುಜರಿಗೆ ಹಾಕಿ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕೆ ಸೇರುವುದೆಂದು ಗೊತ್ತು ಮಾಡಿದ. ಅಲ್ಲೇ ನಾಲ್ವರ ಜೊತೆ ಒಂದು ಖೋಲಿ, ಮನೆಗೆ ಹದಿನೈದು ದಿನಕ್ಕೊಮ್ಮೆ. ಮಲ್ಲಿಕಾ ಅವನ ಎರಡು ಅಂಗಿ ಒಗೆದು, ಮಡಿಸಿ ಚೀಲಕ್ಕೆ ಹಾಕಿಟ್ಟಿದ್ದಳು. ಚೀಲ ಮಂಚದ ಕೆಳಗಿತ್ತು. ಕಸ ಹೊಡೆಯುವಾಗೆಲ್ಲ ಕಸಬರಿಗೆ ಅದಕ್ಕೆ ತಾಗುತ್ತಿತ್ತು.

ಅವತ್ತು ಶನಿವಾರ. ಹಿಡಿದ ಹೊಲದಲ್ಲಿ ಉಳಿದದ್ದು ನಾಲ್ಕೇ ಸಾಲು, ಮುಂದಿನ ಹೊಲ ಸೋಮವಾರಕ್ಕೆ. ಮಲ್ಲಿಕಾ ಬದುವಿನ ಮೇಲಿದ್ದ ಕೊಡದಿಂದ ಹುಲಿಗಿಗೆ ನೀರು ಕುಡಿಸಲು ಕೂತಳು. ಹಸಿರು ಪ್ಲಾಸ್ಟಿಕ್ ಕೊಡ. ಕತ್ತಿನವರೆಗೂ ತುಂಬಿದರೆ ಹೊಟ್ಟೆಯ ಬೆಸುಗೆಯಲ್ಲಿ ಹನಿಹನಿ ಜಿನುಗುತ್ತದೆ, ಅರ್ಧಕ್ಕಿಳಿದರೆ ಒಣಗಿ ನಿಲ್ಲುತ್ತದೆ. ಕೊಂಡ ವಾರದಲ್ಲೇ ಅಂಗಡಿಗೆ ವಾಪಸು ಒಯ್ದಿದ್ದಳು. ಅಂಗಡಿಯವ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ, "ಎಲ್ಲೈತವ್ವ ತೂತು" ಎಂದು ಕೈಗೆ ಕೊಟ್ಟಿದ್ದ. ಅವಳು ಒಯ್ದದ್ದು ಖಾಲಿ ಕೊಡ.

ಮಗಳ ಬಾಯಿ ಒರೆಸುತ್ತಿದ್ದ ಅವಳ ಕೈ ನಿಂತಿತು. ಮಂಗಳವಾರ ಗೋಪಮ್ಮ ಬಂದಿರಲಿಲ್ಲ, ಇನ್ನೂ ನಾಲ್ವರು ಒಂದು ಮದುವೆಗೆ ಹೋಗಿದ್ದರು. ಅವತ್ತು ಸೇತುವೆ ಹತ್ತಿ ಇಳಿದದ್ದೇ ತಿಳಿದಿರಲಿಲ್ಲ. ಹುಲಿಗಿ ಕಾದು ಕಾದು ಬೇಸರಪಟ್ಟಿದ್ದಳು. ಇನ್ನು ಅಂಜಿನೇಯ ಗ್ಯಾರೇಜಿಗೆ ಹೋಗುವ ರೀತಿ ಅವಳಿಗೆ ಗೊತ್ತಿಲ್ಲವೆ? ಹೆಂಗಸರನ್ನೆಲ್ಲ ಮನೆಗೆ ಮುಟ್ಟಿಸಿ, ಕಾಲುವೆಯಲ್ಲಿ ಜೀಪು ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಒಬ್ಬನೇ ಹೋಗುತ್ತಾನೆ.

ಬೇವಿನ ನೆರಳಲ್ಲಿ ಜೀಪಿಗೆ ಒರಗಿ ನಿಂತಿದ್ದ ಗಂಡನ ಹತ್ತಿರ ಹೋಗಿ ಹೇಳಿದಳು. "ಇವತ್ತು ಕೆಲಸ ಲಗೂನ ಮುಗೀತದ. ಹಿಂಗ ರಾಯಚೂರಿಗಿ ಹೋಗೋಣ್ರಿ. ಎಲ್ಲಾರೂ ಕೂತಂಗ."

"ಗ್ಯಾರೇಜಿಗಿ ಇಷ್ಟು ಹೆಣ್ಮಕ್ಕಳನ್ನ ತುಂಬಕೊಂಡು ಹೋಗ್ಲೇನು? ಮಂದಿ ಏನಂತಾರ?"

"ಮಂದಿ ಏನರ ಅನ್ಲಿ. ಗಾಡಿ ಏನಂತದ ಕೇಳೋಣು."

ಅಂಜಿನೇಯ ಉತ್ತರ ಕೊಡುವ ಮೊದಲೇ ಹತ್ತಿಯ ಮೂಟೆ ಹೊತ್ತು ಬಂದ ಗೋಪಮ್ಮ ಅದನ್ನು ಧೊಪ್ಪೆಂದು ಇಳಿಸಿದಳು. "ಏನಬೇ, ನಮ್ಮನ್ನ ತೂಕದ ಕಲ್ಲು ಮಾಡಾಕತ್ತಿ?"

"ಹೂನ ಅತ್ತಿ. ನೀ ಇಲ್ಲಂದ್ರ ಆ ಸದ್ದು ಬರೂದೇ ಇಲ್ಲ."

"ನೋಡ್ರವ್ವಾ, ಇಷ್ಟು ವರ್ಷದಾಗ ನನ್ನ ಮೈಗಿ ಇವತ್ತು ಕೆಲಸ ಹತ್ತಿತು." ಗೋಪಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಲೇ ಅಂಜಿ, ಬಿಸಿ ಮಿರ್ಚಿ ಭಜಿ ಕೊಡ್ಸು, ಬರ್ತೀವಿ. ಬರೇ ಚಹಾಕ್ಕ ನಾ ಏನು ಅಲ್ಲಾಡಾಂಗಿಲ್ಲ."

ಗ್ಯಾರೇಜಿನ ಮುಂದೆ ಜೀಪು ನಿಂತಾಗ ನಬೀಸಾಬ್ ಕನ್ನಡಕವನ್ನು ಹಣೆಗೇರಿಸಿ ಒಳಗೆ ಇಣುಕಿದರು.

"ಏ ಅಂಜಿ, ಗಾಡಿ ರಿಪೇರಿಗಿ ತಂದೀಯೋ, ದಿಬ್ಬಣ ತಂದೀಯೋ?"

"ದಿಬ್ಬಣಾನ ರೀ ಸಾಬರ," ಎಂದಳು ಗೋಪಮ್ಮ. "ಮದುಮಗ ಸಿಕ್ಕಿಲ್ಲ. ನೀವು ಹತ್ರಿ."

ಅಂಜಿನೇಯ ತಲೆ ತಗ್ಗಿಸಿ ಸ್ಟೇರಿಂಗನ್ನೇ ಒರೆಸತೊಡಗಿದ. ಮಲ್ಲಿಕಾ ಕಡೆಯ ಸೀಟಿನಿಂದಲೇ ಹೇಳಿದಳು. "ಚಾಚಾ, ನೀವು ಖಾಲಿ ಗಾಡಿ ನೋಡೀರಿ. ಖಾಲಿ ಕೊಡ ಸೋರೂದಿಲ್ಲಲ್ರಿ. ಇಲ್ಲಿ ಬಂದು ಕೂಡ್ರಿ, ಈ ಎಡಗಡಿಗಿ."

ನಬೀಸಾಬ್ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದರು. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ, ಒಬ್ಬರನ್ನೊಬ್ಬರು ತಿವಿಯುತ್ತ ಜಾಗ ಬಿಟ್ಟರು. ಮಲ್ಲಿಕಾ ಹಿಮ್ಮಡಿ ಇಡುತ್ತಿದ್ದ ತಗಡಿನ ಮೇಲೆ ಅವರು ಅಂಗೈ ಊರಿ ಕೂತರು. ಜೀಪು ಹೊರಟು ಮೊದಲ ಹಂಪ್ ದಾಟಿತು, ಏನಿಲ್ಲ. ಎರಡನೆಯದೂ ದಾಟಿತು. ಅಂಜಿನೇಯನ ಕತ್ತು ಇನ್ನಷ್ಟು ಕುಗ್ಗಿತು. ಮೂರನೆಯದು ಎತ್ತರದ್ದು.

ಕಟಕ್.

"ಕಟಕ್," ಎಂದಳು ಹುಲಿಗಿ.

"ಶಾಬಾಸ್ ಬೇಟಿ," ಎಂದರು ನಬೀಸಾಬ್. ಹೇಳಿದ್ದು ಯಾರಿಗೋ, ತಾಯಿಗೋ ಮಗಳಿಗೋ.

ಗ್ಯಾರೇಜಿಗೆ ಮರಳಿ ಬಂದೊಡನೆ ಹೆಂಗಸರೆಲ್ಲ ಇಳಿಯಲು ಎದ್ದರು. "ಯಾರೂ ಇಳೀಬ್ಯಾಡ್ರಿ," ಎಂದು ಮಲ್ಲಿಕಾ ತಾನೊಬ್ಬಳೇ ಇಳಿದು ಬಾಗಿಲಿಗೆ ಕೈ ಅಡ್ಡ ಇಟ್ಟಳು. ನಬೀಸಾಬ್ ಗಾಲಿಗಳಿಗೆ ಕಲ್ಲು ಕೊಟ್ಟು, ಬ್ಯಾಟರಿ ದೀಪ ಹಿಡಿದು ಕೆಳಗೆ ತೂರಿಕೊಂಡರು. ಹತ್ತು ಮಂದಿ ಉಸಿರು ಹಿಡಿದು ಕೂತರು, ಜಾತ್ರೆಯ ಫೋಟೋಕ್ಕೆ ಕೂತವರ ಹಾಗೆ. ಕೆಳಗಿನಿಂದ ತಂತಿಯ ಬ್ರಷ್ಷಿನಲ್ಲಿ ಮಣ್ಣು ಕೆರೆಯುವ ಸದ್ದು ಬಂತು. ಆಮೇಲೆ ಅದೂ ನಿಂತಿತು.

"ಅಂಜಿ, ಬಾ ಇಲ್ಲಿ. ನೀನೂ ಬಾ ಬೇಟಿ."

ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ಹಿಂದಿನ ಎಡಗಾಲಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಾಟಾ. ಅದರ ದೊಡ್ಡ ಪಟ್ಟಿಯಲ್ಲಿ, ಪಟ್ಟಿಗಳನ್ನು ಬಿಗಿದ ಹಿಡಿಕೆಯ ಅಂಚಿಗೆ, ಕೂದಲೆಳೆಯ ಹಾಗೆ ಒಂದು ಸೀಳು ಬಾಯಿ ಬಿಟ್ಟಿತ್ತು.

"ಈಗ ಎಲ್ಲಾರೂ ಇಳೀರಿ," ಎಂದರು ನಬೀಸಾಬ್.

ಒಬ್ಬೊಬ್ಬರೇ ಇಳಿದರು. ಗೋಪಮ್ಮ ಇಳಿದಾಗ ಜೀಪು ನಿಟ್ಟುಸಿರಿಟ್ಟಂತೆ ಮೇಲೆದ್ದಿತು. ಮಲ್ಲಿಕಾ ನೋಡುತ್ತಿದ್ದ ಹಾಗೇ ಸೀಳಿನ ಎರಡು ತುಟಿಗಳು ಕೂಡಿಕೊಂಡವು. ಬೆರಳಿಟ್ಟು ಹುಡುಕಿದಳು. ಏನೂ ಇರಲಿಲ್ಲ.

"ಇನ್ನೊಂದು ವಾರ ಹಿಂಗ ಓಡಿಸಿದ್ರ..." ಎಂದು ನಬೀಸಾಬ್ ಕೈಯ ಮಣ್ಣು ಒರೆಸಿಕೊಂಡರು. "ಎರಡು ಸಲ ನಿನಗ ಏನೂ ಇಲ್ಲ ಅಂದೆ ಅಂಜಿ. ತಪ್ಪು ನಂದು."

"ತೊಳದು, ಖಾಲಿ ಮಾಡಿ ತಂದು ತೋರಿಸಿದವ ನಾನ ಅಲ್ಲೇನ್ರಿ ಚಾಚಾ," ಎಂದ ಅಂಜಿನೇಯ.

ಹೊಸ ಪಟ್ಟಿ ತರಿಸಿ ಕೂಡಿಸುವುದಕ್ಕೆ ಎರಡು ತಾಸು ಹಿಡಿಯಿತು. ಹೆಂಗಸರು ಗ್ಯಾರೇಜಿನ ಎದುರಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಭಜಿ ತಿಂದರು. ಗೋಪಮ್ಮ ನಾಲ್ಕು ತಿಂದು, "ಭಾರ ಕಮ್ಮಿ ಆದೀತು" ಎಂದು ಐದನೆಯದಕ್ಕೆ ಕೈ ಹಾಕಿದಳು. ಒಂದು ಪೊಟ್ಟಣ ನಬೀಸಾಬರಿಗೂ ಹೋಯಿತು. ಅಷ್ಟರಲ್ಲಿ ಅಂಜಿನೇಯನ ಫೋನ್ ಬಡಿಯಿತು, ಗುಜರಿಯವನದು. ಅವನು ಎದ್ದು ಪಕ್ಕಕ್ಕೆ ಹೋಗಲಿಲ್ಲ, ಮಲ್ಲಿಕಾಳ ಎದುರೇ ಮಾತಾಡಿದ.

"ಸೋಮವಾರ ಬರಬ್ಯಾಡ್ರಿ. ಸೋಮವಾರ ಗಾಡಿ ಕುರ್ಡ್ಯಾಗ ಇರ್ತದ."

ಮಲ್ಲಿಕಾ ಮಗಳ ಗಲ್ಲಕ್ಕೆ ಹತ್ತಿದ್ದ ಎಣ್ಣೆಯನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು. ಮನೆಗೆ ಹೋದ ಮೇಲೆ ಚೀಲದಲ್ಲಿನ ಅಂಗಿ ತೆಗೆದು ಗೂಟಕ್ಕೆ ಹಾಕಬೇಕು. ಮಡಿಕೆ ಬಿದ್ದಿರುತ್ತದೆ, ಇರಲಿ.

ದೇವದುರ್ಗ ಹತ್ತಿರ ಬರುವಾಗ ಹೊತ್ತು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಮಾತಾಡಿದ್ದ ಹೆಂಗಸರು ಸೇತುವೆ ಕಾಣಿಸಿದೊಡನೆ ಸುಮ್ಮನಾದರು. ಯಾರೂ ಹೇಳದೆಯೇ ಎಲ್ಲರ ಕೈಯೂ ಮೇಲಿನ ಕಂಬಿ ಹಿಡಿಯಿತು. ಮಲ್ಲಿಕಾ ಚಪ್ಪಲಿ ಕಳಚಿ ಎಡ ಹಿಮ್ಮಡಿಯನ್ನು ತಗಡಿನ ಮೇಲಿಟ್ಟಳು. ಅಂಜಿನೇಯ ಗೇರ್ ಇಳಿಸಿದ. ಜೀಪು ಸೇತುವೆ ಹತ್ತಿತು, ನೆತ್ತಿಯ ಮೇಲೆ ಒಮ್ಮೆ ಮೆಲ್ಲಗೆ ತೂಗಿತು, ಆ ಕಡೆಗೆ ಇಳಿಯಿತು.

ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದ ಹುಲಿಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಣ್ಣು ತೆರೆಯದೆಯೇ ತಾನೇ "ಕಟಕ್" ಎಂದು, ತಾಯಿಯ ಹೊಟ್ಟೆಗೆ ಮುಖ ಒತ್ತಿ ಮಲಗಿದಳು.